ಬಾಕ್ಸಿನ ಮೇಲಿನ ವ್ಯಾಟ್ ನೋಡಿ ಬಲ್ಬ್ ತರ್ಬೇಡಿ: ನಮ್ಮ ಕರಾವಳಿ ಮನೆಗಳಿಗೆ ಎಲ್‌ಇಡಿ ಹೋಲಿಸಿ ತಗೊಳ್ಳುವ ಕ್ರಮ

ಅಮ್ಮ ಇರುದು ಉಡುಪಿ ಹತ್ರ ಹಳೇ ಹಂಚಿನ ಮನೆಯಲ್ಲಿ, ನಾವು ಮಂಗಳೂರಲ್ಲಿ ಫ್ಲ್ಯಾಟಲ್ಲಿ. ಕಳೆದ ವರ್ಷ ಮಳೆ ಶುರುವಾಗುವ ಮೊದಲು ಎರಡೂ ಮನೆಯ ಲೈಟ್ ಬದಲಿಸುವ ಕೆಲಸ ನಾನೇ ವಹಿಸಿಕೊಂಡೆ. ಅಮ್ಮನದ್ದು ಒಂದೇ ಮಾತು, "ಲೈಟ್ ಹಾಕಿದ್ರೂ ಸೂಜಿಗೆ ನೂಲು ಪೋಣಿಸ್ಲಿಕ್ಕೆ ಆಗುದಿಲ್ಲ, ಅಂಗಳಕ್ಕೆ ಹೋಗಿ ಬರ್ಬೇಕು." ಆಗ ನಾನು ಮಾಡಿದ್ದು ಎಂತ ಅಂದ್ರೆ, ರಸ್ತೆ ಬದಿ ಗಾಡಿಯಲ್ಲಿ ಐವತ್ತು ರೂಪಾಯಿಗೆ ಒಂದರ ಹಾಗೆ "12 ವ್ಯಾಟ್" ಅಂತ ಬರೆದ ಹತ್ತು ಬಲ್ಬ್ ತಂದು ಎಲ್ಲ ಕಡೆ ಹಾಕಿದ್ದು. 9 ಇದ್ದಲ್ಲಿ 12 ಹಾಕಿದ್ರೆ ಬೆಳಕು ಜಾಸ್ತಿ ಆಗ್ಬೇಕಲ್ವಾ, ಆದ್ರೆ ಮೊದಲಿಗಿಂತ ಮಂಕಾಯ್ತು. ಮಳೆಗಾಲ ಮುಗಿಯುವಾಗ ಹತ್ತರಲ್ಲಿ ನಾಲ್ಕು ಹೋಗಿಯೂ ಆಯ್ತು. ಅದರ ನಂತರ ಕೂತು ಸರಿಯಾಗಿ ತಿಳ್ಕೊಂಡು ಒಂದೊಂದೇ ಕೋಣೆ ಸರಿ ಮಾಡಿದೆ, ಅದನ್ನೇ ಇಲ್ಲಿ ಕ್ರಮವಾಗಿ ಬರೀತಿದ್ದೇನೆ. ನಮ್ಮ ಊರಿನ ಮನೆ, ನಮ್ಮ ಮಳೆ, ನಮ್ಮ ವೋಲ್ಟೇಜ್ ಇದಕ್ಕೆಲ್ಲ ಹೊಂದುವ ಹಾಗೆ.

ಮೊದಲು ಅಂಗಡಿಗೆ ಹೋಗ್ಬೇಡಿ, ಮನೆಗೆ ಒಂದು ಸುತ್ತು ಹಾಕಿ

ಒಂದು ಕಾಗದ ಹಿಡ್ಕೊಂಡು ಚಾವಡಿ, ಅಡುಗೆ ಕೋಣೆ, ದೇವರ ಕೋಣೆ, ಬಚ್ಚಲು, ಸಿಟ್‌ಔಟ್, ಬಾವಿಕಟ್ಟೆ, ಕೊಟ್ಟಿಗೆ ಎಲ್ಲ ಕಡೆ ಹೋಗಿ ಮೂರು ವಿಷಯ ಬರ್ಕೊಳ್ಳಿ. ಈಗ ಎಂತ ಉಂಟು, ದಿನಕ್ಕೆ ಎಷ್ಟು ಗಂಟೆ ಉರೀತದೆ, ಹೋಲ್ಡರ್ ಯಾವುದು. ನಮ್ಮಲ್ಲಿ ಹೆಚ್ಚಿನ ಮನೆಯಲ್ಲಿ ಎರಡು ಪಿನ್ ಒತ್ತಿ ತಿರುಗಿಸುವ ಹೋಲ್ಡರ್ ಇರುದು, ಅದು ಬಿ22. ಫ್ಯಾನ್ಸಿ ಲೈಟಿಗೆ, ಗೇಟ್ ಕಂಬದ ಲೈಟಿಗೆ ಸ್ಕ್ರೂ ಥರ ತಿರುಗಿಸುವ ಇ27 ಇರ್ತದೆ. ಇದು ನೋಡದೆ ಹೋದ್ರೆ ಹಂಪನಕಟ್ಟೆ ಪೇಟೆಗೆ ಎರಡು ಸರ್ತಿ ಬಸ್ ಹತ್ಬೇಕಾಗ್ತದೆ.

ಗಂಟೆ ಬರ್ಕೊಳ್ಳಿ ಅಂದದ್ದು ಯಾಕಂದ್ರೆ ದುಡ್ಡು ಉಳಿಯುದು ಅಲ್ಲಿ. ದಿನಕ್ಕೆ ಹತ್ತು ನಿಮಿಷ ಉರಿಯುವ ಅಟ್ಟದ ಲೈಟಿಗೆ ದುಬಾರಿ ಬಲ್ಬ್ ಹಾಕಿ ಪ್ರಯೋಜನ ಇಲ್ಲ, ಅಲ್ಲಿ ಹಳೇ ಸಿಎಫ್‌ಎಲ್ ಇದ್ರೆ ಅದು ಹೋಗುವವರೆಗೆ ಇರ್ಲಿ. ಸಂಜೆ ಆರರಿಂದ ರಾತ್ರಿ ಹತ್ತೂವರೆ ತನಕ ಉರಿಯುವ ಚಾವಡಿ ಮತ್ತು ಅಡುಗೆ ಕೋಣೆ ಮೊದಲು ನೋಡಿ.

ವ್ಯಾಟ್ ಅಂದ್ರೆ ಖರ್ಚು, ಬೆಳಕು ಅಂದ್ರೆ ಲ್ಯುಮೆನ್

ಇದೊಂದು ತಲೆಯಲ್ಲಿ ಕೂತ್ರೆ ಅರ್ಧ ಕೆಲಸ ಆಯ್ತು. ವ್ಯಾಟ್ ಹೇಳುದು ಬಲ್ಬ್ ಎಷ್ಟು ಕರೆಂಟ್ ತಿಂತದೆ ಅಂತ, ಎಷ್ಟು ಬೆಳಕು ಕೊಡ್ತದೆ ಅಂತ ಹೇಳುದು ಲ್ಯುಮೆನ್. ಹಿಂದೆ ಎಲ್ಲರ ಮನೆಯಲ್ಲೂ ತಂತಿ ಬಲ್ಬೇ ಇದ್ದಾಗ 40, 60, 100 ಅಂದ ಕೂಡ್ಲೆ ಬೆಳಕು ಎಷ್ಟು ಅಂತ ಗೊತ್ತಾಗ್ತಿತ್ತು, ಆ ಅಭ್ಯಾಸ ಇನ್ನೂ ಹೋಗ್ಲಿಲ್ಲ. ಅಂಗಡಿಯಲ್ಲಿ ನಾನು "ಅಣ್ಣ, ಇದ್ರದ್ದು ಲ್ಯುಮೆನ್ ಎಷ್ಟು" ಅಂತ ಕೇಳಿದ್ದಕ್ಕೆ "ಎಂತ ಲ್ಯುಮೆನ್ ಮಾರಾಯ್ರೆ, 9 ವ್ಯಾಟ್ ಅಂತ ಬರ್ದಿದೆಯಲ್ಲ" ಅಂದ್ರು ಅವರು. ಬಾಕ್ಸ್ ತಿರುಗಿಸಿ ಸಣ್ಣ ಅಕ್ಷರದಲ್ಲಿ ಇದ್ದದ್ದನ್ನು ಇಬ್ರೂ ಸೇರಿ ಹುಡುಕಿದೆವು.

ಹಳೇ 60 ವ್ಯಾಟಿನ ತಂತಿ ಬಲ್ಬ್ ಸುಮಾರು 700 ಲ್ಯುಮೆನ್ ಬೆಳಕು ಕೊಡ್ತಿತ್ತು, ಉಳಿದ ಶಕ್ತಿಯೆಲ್ಲ ಬಿಸಿಯಾಗಿ ಹೋಗ್ತಿತ್ತು. 15 ವ್ಯಾಟಿನ ಸಿಎಫ್‌ಎಲ್ 800ರಿಂದ 900. ಒಳ್ಳೇ 9 ವ್ಯಾಟಿನ ಎಲ್‌ಇಡಿಯೂ ಅಷ್ಟೇ, 800ರಿಂದ 900. ಅಂದ್ರೆ ಒಂದು ವ್ಯಾಟಿಗೆ 90ರಿಂದ 100 ಲ್ಯುಮೆನ್. ಬಾಕ್ಸಲ್ಲಿ ಬರೆದ ಲ್ಯುಮೆನನ್ನು ವ್ಯಾಟಿನಿಂದ ಭಾಗಿಸಿ ನೋಡಿ, 90ಕ್ಕಿಂತ ಕೆಳಗೆ ಬಂದ್ರೆ ವಾಪಸ್ ಇಡಿ, 100 ದಾಟಿದ್ರೆ ಒಳ್ಳೇದು. ಲ್ಯುಮೆನ್ ಬರೆದೇ ಇಲ್ಲ ಅಂತಾದ್ರೆ ಆ ಬಲ್ಬ್ ಬೇಡ, ಎಷ್ಟೇ ಅಗ್ಗ ಆಗ್ಲಿ. ನನ್ನ ಗಾಡಿ ಬಲ್ಬಿನ ಬಾಕ್ಸಲ್ಲಿ ಅದು ಇರ್ಲಿಲ್ಲ.

ಕೋಣೆಗೆ ಎಷ್ಟು ಬೇಕು ಅಂತ ಕೇಳಿದ್ರೆ, ಹತ್ತು ಹನ್ನೆರಡು ಅಡಿಯ ಬಿಳಿ ಗೋಡೆಯ ಟೆರೇಸ್ ಮನೆ ಕೋಣೆಗೆ 2000 ಲ್ಯುಮೆನ್ ಸಾಕು, ಅಂದ್ರೆ 20 ವ್ಯಾಟಿನ ಒಂದು ಎಲ್‌ಇಡಿ ಬ್ಯಾಟನ್, ಟ್ಯೂಬ್‌ಲೈಟ್ ಥರ ಉದ್ದ ಇರುವಂಥದ್ದು. ಹಂಚಿನ ಮನೆಯಲ್ಲಿ ಈ ಲೆಕ್ಕ ಆಗುದಿಲ್ಲ. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕಡೆ ಮನೆಗಳಿಗೆಲ್ಲ ಹಂಚು ಬಂತು, ತಂಪಿಗೆ ಅದರಷ್ಟು ಒಳ್ಳೇದು ಬೇರೆ ಇಲ್ಲ. ಆದ್ರೆ ಬೆಳಕಿನ ವಿಷಯದಲ್ಲಿ ಹಂಚು, ಹೊಗೆ ಹಿಡಿದ ಪಕ್ಕಾಸು, ಕಪ್ಪು ಮರದ ತೊಲೆ, ಕೆಳಗೆ ಕೆಂಪು ಕಾವಿ ನೆಲ, ಎಲ್ಲ ಸೇರಿ ಬಿದ್ದ ಬೆಳಕನ್ನು ನುಂಗಿಬಿಡ್ತವೆ. ಬಿಳಿ ಸ್ಲ್ಯಾಬ್ ಆದ್ರೆ ಮೇಲೆ ಹೋದ ಬೆಳಕು ಕೆಳಗೆ ವಾಪಸ್ ಬರ್ತದೆ, ಇಲ್ಲಿ ಬರುದಿಲ್ಲ. ಅಮ್ಮನ ಚಾವಡಿಯಲ್ಲಿ ಬಲ್ಬ್ ಇದ್ದದ್ದು ಹನ್ನೊಂದು ಅಡಿ ಮೇಲೆ, ತೊಲೆಗೆ ಹೊಡೆದ ಹೋಲ್ಡರಲ್ಲಿ. ನಾನು ಮಾಡಿದ್ದು ಎರಡೇ ಕೆಲಸ. ವಯರ್ ಇಳಿಸಿ ಬಲ್ಬನ್ನು ಎಂಟಡಿಗೆ ತಂದೆ, ಮೇಲೆ ಒಂದು ಬಿಳಿ ಶೇಡ್ ಹಾಕಿದೆ, ಹಳೇ ಅಂಗಡಿಗಳಲ್ಲಿ ನೇತಾಡ್ತಿತ್ತಲ್ಲ ತಟ್ಟೆ ಥರದ್ದು, ಅದೇ. ಅದೇ 9 ವ್ಯಾಟಿನ ಬಲ್ಬು, ಆದ್ರೆ ಅಮ್ಮ ಕೂತುಕೊಳ್ಳುವ ಜಾಗಕ್ಕೆ ಬಿದ್ದ ಬೆಳಕು ಎಷ್ಟೋ ಜಾಸ್ತಿ. ದೊಡ್ಡ ಬಲ್ಬ್ ತರುವ ಮೊದಲು ಇದನ್ನು ಮಾಡಿ ನೋಡಿ.

ಇನ್ನೊಂದು ವಿಷಯ ಮನೆಯಲ್ಲಿ ಹಿರಿಯರಿದ್ದವರು ಗಮನಿಸ್ಬೇಕು. ಅರವತ್ತು ದಾಟಿದವರ ಕಣ್ಣಿನೊಳಗೆ ಹೋಗುವ ಬೆಳಕು ಇಪ್ಪತ್ತರ ಪ್ರಾಯದವರಿಗೆ ಹೋಲಿಸಿದ್ರೆ ಸುಮಾರು ಮೂರನೇ ಒಂದು ಭಾಗ ಮಾತ್ರ, ಕಣ್ಣಿನ ಪಾಪೆ ಸಣ್ಣದಾಗ್ತದೆ, ಮಸೂರ ಹಳದಿಯಾಗ್ತದೆ. ನಮಗೆ ಸಾಕು ಅನ್ನಿಸುವ ಬೆಳಕು ಅವರಿಗೆ ಸಾಕಾಗುದಿಲ್ಲ. ಉಳಿತಾಯದ ಹೆಸರಲ್ಲಿ ಅವರ ಕೋಣೆಗೆ, ಬಚ್ಚಲಿಗೆ ಹೋಗುವ ದಾರಿಗೆ ಸಣ್ಣ ಬಲ್ಬ್ ಹಾಕ್ಬೇಡಿ. ಬಿದ್ದು ಸೊಂಟ ಮುರ್ಕೊಂಡ್ರೆ ಯಾವ ಯೂನಿಟ್ ಉಳಿಸಿಯೂ ಪ್ರಯೋಜನ ಇಲ್ಲ.

ಈಗ ದುಡ್ಡಿನ ಲೆಕ್ಕ

ಒಂದು ಯೂನಿಟಿಗೆ 6 ರೂಪಾಯಿ ಅಂತ ಇಟ್ಕೊಳ್ಳುವ, ದಿನಕ್ಕೆ 5 ಗಂಟೆ, ತಿಂಗಳಿಗೆ 30 ದಿನ. 60 ವ್ಯಾಟಿನ ತಂತಿ ಬಲ್ಬ್ 9 ಯೂನಿಟ್ ತಿಂತದೆ, 54 ರೂಪಾಯಿ. 15 ವ್ಯಾಟಿನ ಸಿಎಫ್‌ಎಲ್ 2.25 ಯೂನಿಟ್, ಹದಿಮೂರೂವರೆ ರೂಪಾಯಿ. 9 ವ್ಯಾಟಿನ ಎಲ್‌ಇಡಿ 1.35 ಯೂನಿಟ್, 8 ರೂಪಾಯಿ ಚಿಲ್ಲರೆ. ಅಂದ್ರೆ ತಂತಿ ಬಲ್ಬ್ ತೆಗೆದ್ರೆ ಲಾಭ ದೊಡ್ಡದು, ಎರಡು ಮೂರು ತಿಂಗಳಲ್ಲಿ ಬಲ್ಬಿನ ದುಡ್ಡು ಬಂತು. ಸಿಎಫ್‌ಎಲ್ ತೆಗೆದು ಎಲ್‌ಇಡಿ ಹಾಕಿದ್ರೆ ತಿಂಗಳಿಗೆ ಐದು ರೂಪಾಯಿ, ಅದಕ್ಕೆ ಅರ್ಜೆಂಟ್ ಇಲ್ಲ.

ಹಳೇ ಟ್ಯೂಬ್‌ಲೈಟ್ ಹೆಚ್ಚಿನವರ ಲೆಕ್ಕಕ್ಕೆ ಬರುದಿಲ್ಲ. ಟ್ಯೂಬಿನ ಮೇಲೆ 36 ಅಂತ ಇರ್ತದೆ, ಆದ್ರೆ ಗುಂಯ್ ಅಂತ ಸದ್ದು ಮಾಡುವ ತಾಮ್ರದ ಚೋಕ್ ಸುಮಾರು 12 ವ್ಯಾಟ್ ಬೇರೆ ತಿಂತದೆ, ಒಟ್ಟಿಗೆ 48ರ ಹತ್ರ. ಅದರ ಜಾಗಕ್ಕೆ 20 ವ್ಯಾಟಿನ ಬ್ಯಾಟನ್ ಹಾಕಿದ್ರೆ ತಿಂಗಳಿಗೆ 4 ಯೂನಿಟ್ ಉಳೀತದೆ. ಹಳೇ ಪಟ್ಟಿಗೇ ಸಿಕ್ಕಿಸುವ ಎಲ್‌ಇಡಿ ಟ್ಯೂಬ್ ಸಹ ಸಿಕ್ತದೆ, ಆದ್ರೆ ಅದಕ್ಕೆ ಒಳಗಿನ ವಯರ್ ಬದಲಿಸ್ಬೇಕಾಗ್ತದೆ, ಚೋಕ್ ಸ್ಟಾರ್ಟರ್ ತೆಗೀಬೇಕು, ಒಂದೊಂದು ಕಂಪೆನಿಯದ್ದು ಒಂದೊಂದು ಥರ. ಪಟ್ಟಿ ಸಮೇತ ತೆಗೆದು ಹೊಸ ಬ್ಯಾಟನ್ ಹಾಕುದು ಸುಲಭ.

ಮತ್ತೆ ಜೀರೋ ಬಲ್ಬ್. ಹೆಸರು ಜೀರೋ, ತಿನ್ನುದು 12ರಿಂದ 15 ವ್ಯಾಟ್! ಹಳೇ ಮೀಟರಿಗೆ ಅಷ್ಟು ಸಣ್ಣದು ಗೊತ್ತಾಗ್ತಿರ್ಲಿಲ್ಲ, ಹಾಗಾಗಿ ಜೀರೋ ಅಂತ ಹೆಸರು ಉಳೀತು. ದೇವರ ಕೋಣೆಯಲ್ಲಿ ಕೆಂಪು ಜೀರೋ ಬಲ್ಬ್ ರಾತ್ರಿ ಹತ್ತು ಗಂಟೆ ಉರಿದ್ರೆ ತಿಂಗಳಿಗೆ 4.5 ಯೂನಿಟ್, ಚಾವಡಿಯ 9 ವ್ಯಾಟಿನ ಎಲ್‌ಇಡಿಯ ಮೂರು ಪಾಲಿಗಿಂತ ಜಾಸ್ತಿ. ಅರ್ಧ ವ್ಯಾಟಿನ ಎಲ್‌ಇಡಿ ನೈಟ್ ಬಲ್ಬ್ ಅದೇ ಹೋಲ್ಡರಿಗೆ ಕೂತುಕೊಳ್ತದೆ, ತಿಂಗಳಿಗೆ ಒಂದು ರೂಪಾಯಿಯೂ ಬರುದಿಲ್ಲ. ಮನೆಯಲ್ಲಿ ಒಂದೇ ಒಂದು ಬಲ್ಬ್ ಬದಲಿಸುದು ಅಂತಾದ್ರೆ ನಾನು ಇದನ್ನೇ ಹೇಳುದು.

ಗೃಹಜ್ಯೋತಿ ಬಂದ ಮೇಲೆ ಬಿಲ್ಲೇ ಇಲ್ಲ, ಉಳಿಸಿ ಎಂತ ಮಾಡುದು ಅಂತ ಆಚೆ ಮನೆಯವರು ಕೇಳಿದ್ರು. 2023ರಲ್ಲಿ ಆ ಯೋಜನೆ ಶುರುವಾದಾಗ 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಹತ್ತು ಶೇಕಡಾ, ಅಷ್ಟು ಉಚಿತ ಅಂತ ಮಾಡಿದ್ದು. ಅದು ದಾಟಿದ್ರೆ ದಾಟಿದ್ದಕ್ಕೆ ಕೊಡ್ಬೇಕು, 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಬರ್ತದೆ. ಎಪ್ರಿಲ್ ಮೇಯಲ್ಲಿ ಸೆಕೆಗೆ ಫ್ಯಾನ್ ಹಗಲು ರಾತ್ರಿ ತಿರುಗುವಾಗ 195, 205 ಅಂತ ಗಡಿಯಲ್ಲಿ ಇರುವ ಮನೆ ಎಷ್ಟೋ ಉಂಟು. ಅಂಥವರಿಗೆ ಹತ್ತು ಯೂನಿಟ್ ಕಡಿಮೆಯಾದ್ರೆ ಸಾವಿರ ರೂಪಾಯಿಗಿಂತ ಜಾಸ್ತಿ ಉಳೀತದೆ.

ಎಲ್ಲ ಲೈಟ್ ಆಗ್ಲೇ ಎಲ್‌ಇಡಿ ಆಗಿದ್ರೆ ಮುಂದಿನ ದುಡ್ಡನ್ನು ಬಲ್ಬಿಗೆ ಹಾಕ್ಬೇಡಿ, ಫ್ಯಾನಿಗೆ ಹಾಕಿ. ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್, ಕಡಿಮೆ ಕರೆಂಟ್ ತಿನ್ನುವ ಹೊಸ ಥರದ ಮೋಟರಿನ ಬಿಎಲ್‌ಡಿಸಿ ಫ್ಯಾನ್ 30ರ ಹತ್ರ. ದಿನಕ್ಕೆ 12 ಗಂಟೆ ತಿರುಗಿದ್ರೆ ಒಂದೇ ಫ್ಯಾನಿನಲ್ಲಿ ತಿಂಗಳಿಗೆ 16 ಯೂನಿಟ್ ಉಳೀತದೆ.

ಬಾಕ್ಸ್ ಹೇಗೆ ಓದುದು

ಲ್ಯುಮೆನ್ ಆಯ್ತು. ನಂತರ ಬಿಇಇ ಸ್ಟಾರ್ ಗುರುತು ನೋಡಿ, ಫ್ರಿಜ್ಜಿನ ಮೇಲೆ ಇರುವಂಥದ್ದೇ, ಸ್ಟಾರ್ ಜಾಸ್ತಿ ಇದ್ದಷ್ಟು ಒಂದು ವ್ಯಾಟಿಗೆ ಸಿಗುವ ಬೆಳಕು ಜಾಸ್ತಿ. ಅದರ ಹತ್ರ ಸರ್ಕಾರದ ಗುಣಮಟ್ಟ ಸಂಸ್ಥೆಯಾದ ಬಿಐಎಸ್‌ನ ಗುರುತು, ಐಎಸ್ 16102 ಅಂತ ಸಂಖ್ಯೆ, ಕೆಳಗೆ "ಆರ್" ಅಂತ ಶುರುವಾಗುವ ನೋಂದಣಿ ನಂಬರ್ ಇರ್ಬೇಕು. ಬಲ್ಬಿನ ಮೈ ಮೇಲೆಯೂ ಇರ್ತದೆ. ಇದು ಸುರಕ್ಷತೆಯ ವಿಷಯ, ಬಲ್ಬ್ ಬದಲಿಸುವಾಗ ನಾವು ಕೈಯಲ್ಲಿ ಹಿಡಿಯುವ ಜಾಗಕ್ಕೆ ಕರೆಂಟ್ ಬರ್ಬಾರ್ದಲ್ಲ.

ವೋಲ್ಟೇಜ್ ರೇಂಜ್ ನಮ್ಮ ಹಳ್ಳಿ ಕಡೆಯವರಿಗೆ ತುಂಬ ಮುಖ್ಯ. 220-240 ಅಂತ ಮಾತ್ರ ಬರೆದದ್ದು ಬೇಡ, 100ರಿಂದ 300 ವೋಲ್ಟ್ ಅಂತ ಇರುವುದನ್ನು ತಗೊಳ್ಳಿ. ಸಂಜೆ ತೋಟಕ್ಕೆ ಪಂಪ್ ಹಾಕಿದಾಗ ವೋಲ್ಟೇಜ್ 160ಕ್ಕೆ ಇಳಿದ್ರೂ ಅದು ಉರಿಯುದು ನಿಲ್ಲಿಸುದಿಲ್ಲ. ಸರ್ಜ್ ತಡೆ, ಅಂದ್ರೆ ಒಮ್ಮೆಲೇ ನುಗ್ಗಿ ಬರುವ ಜಾಸ್ತಿ ವೋಲ್ಟೇಜನ್ನು ತಾಳುವ ಶಕ್ತಿ, 2.5 ಕೆವಿ ಅಥವಾ 4 ಕೆವಿ ಅಂತ ಬರೆದಿದ್ರೆ 4 ತಗೊಳ್ಳಿ.

ಆಯುಷ್ಯ 25,000 ಗಂಟೆ ಅಂತ ದೊಡ್ಡದಾಗಿ ಬರೆದಿರ್ತಾರೆ, ದಿನಕ್ಕೆ ಐದು ಗಂಟೆಯಂತೆ ಹದಿಮೂರು ವರ್ಷ ಆಯ್ತು. ಅದು ಒಳಗಿನ ಎಲ್‌ಇಡಿ ಚಿಪ್ಪಿನ ಲೆಕ್ಕ. ಹೆಚ್ಚಾಗಿ ಬಲ್ಬ್ ಹೋಗುದು ಚಿಪ್ ಹೋಗಿ ಅಲ್ಲ, ಅದಕ್ಕೆ ಕರೆಂಟ್ ಕೊಡುವ ಡ್ರೈವರ್ ಹೋಗಿ. ಹಾಗಾಗಿ ನೀವು ನಂಬ್ಬೇಕಾದ್ದು ಗ್ಯಾರಂಟಿಯನ್ನು. ಒಂದು ವರ್ಷಕ್ಕಿಂತ ಎರಡು ವರ್ಷದ್ದು ಹತ್ತು ಇಪ್ಪತ್ತು ರೂಪಾಯಿ ಜಾಸ್ತಿಯಾದ್ರೂ ಅಡ್ಡಿಲ್ಲ. ಹಿಂದೆ ಈ ಬಲ್ಬ್‌ಗಳಿಗೆ ಎಷ್ಟಿತ್ತು ಅಂತ ನೆನಪುಂಟಾ? 2014ರಲ್ಲಿ ಸರ್ಕಾರವೇ ಒಂದಕ್ಕೆ 310 ರೂಪಾಯಿ ಕೊಟ್ಟು ಖರೀದಿ ಮಾಡಿದ್ದು, 2015ರ ಜನವರಿ 5ಕ್ಕೆ ಮನೆಗಳಿಗೆ ಅಗ್ಗಕ್ಕೆ ಎಲ್‌ಇಡಿ ಕೊಡುವ ಉಜಾಲಾ ಯೋಜನೆ ಶುರುವಾಗಿ ಕೋಟಿಗಟ್ಟಲೆ ಬಲ್ಬ್ ಒಟ್ಟಿಗೆ ತಗೊಳ್ಳಲಿಕ್ಕೆ ಶುರು ಮಾಡಿದ ಮೇಲೆ ಎರಡೇ ವರ್ಷದಲ್ಲಿ ಅದು 38ಕ್ಕೆ ಬಂತು. ನಮ್ಮ ರಾಜ್ಯದಲ್ಲಿ "ಹೊಸ ಬೆಳಕು" ಅಂತ ಕೊಟ್ಟದ್ದು ಅದೇ. ಒಳ್ಳೇ ಬಲ್ಬ್ ಈಗ ನೂರು ರೂಪಾಯಿ ಆಚೀಚೆಗೆ ಸಿಗುವಾಗ ಇಪ್ಪತ್ತು ರೂಪಾಯಿ ಉಳಿಸ್ಲಿಕ್ಕೆ ಹೆಸರಿಲ್ಲದ್ದು ತರ್ಬೇಡಿ.

ಬಣ್ಣ: ಬಿಳಿಯಾ ಹಳದಿಯಾ

ಬಾಕ್ಸಿನಲ್ಲಿ ಕೆಲ್ವಿನ್ ಲೆಕ್ಕ ಇರ್ತದೆ. 2700ರಿಂದ 3000 ಅಂದ್ರೆ ಹಳದಿ, ಹಳೇ ಬಲ್ಬಿನ ಹಾಗೆ. 4000 ನಡುವಿನದ್ದು, 6500 ಅಂದ್ರೆ ನೀಲಿ ಛಾಯೆಯ ಬಿಳಿ. ನಮ್ಮ ಕಡೆ ಕೇಳದೆ ಕೊಡುದು 6500. ಬಿಳಿ ಬೆಳಕು ಜಾಸ್ತಿ ಬೆಳಕು ಅಂತ ಎಲ್ಲರಿಗೂ ಅನ್ನಿಸ್ತದೆ, ಹಾಗಲ್ಲ, ಲ್ಯುಮೆನ್ ಒಂದೇ ಇದ್ರೆ ಬೆಳಕು ಒಂದೇ. ಎಲ್‌ಇಡಿ ಚಿಪ್ ಮೂಲದಲ್ಲಿ ನೀಲಿ ಬೆಳಕು ಕೊಡುದು, ಅದರ ಮೇಲೆ ಹಳದಿ ಪುಡಿಯ ಲೇಪ ಹಾಕಿ ಬಿಳಿ ಮಾಡ್ತಾರೆ, ಆ ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೇ 2014ರಲ್ಲಿ ಜಪಾನಿನ ಅಕಾಸಾಕಿ, ಅಮಾನೊ ಮತ್ತು ನಕಮುರಾ ಅವರಿಗೆ ನೊಬೆಲ್ ಬಂದದ್ದು.

ನಾನು ಅಡುಗೆ ಕೋಣೆಗೆ, ಮಕ್ಕಳು ಓದುವ ಮೇಜಿಗೆ 4000 ಹಾಕಿದ್ದೇನೆ. ಮಲಗುವ ಕೋಣೆಗೆ 3000, ರಾತ್ರಿ ನೀಲಿ ಬೆಳಕು ಜಾಸ್ತಿ ಕಣ್ಣಿಗೆ ಬಿದ್ರೆ ನಿದ್ರೆ ತಡ ಆಗ್ತದೆ. ಸಿಟ್‌ಔಟಿಗೂ ಹಳದಿಯೇ. ಯಾಕಂದ್ರೆ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಹುಳಗಳು ಮುತ್ತುದು ನಿಮಗೆ ಗೊತ್ತುಂಟು, ಬೆಳಿಗ್ಗೆ ಜಗಲಿ ತುಂಬ ರೆಕ್ಕೆ. ಹುಳಗಳನ್ನು ಎಳೆಯುದು ನೀಲಿ ಮತ್ತು ನೇರಳೆ ಬೆಳಕು, ಹಳದಿಗೆ ಕಡಿಮೆ ಬರ್ತವೆ. ಪೂರ್ತಿ ನಿಲ್ಲುದಿಲ್ಲ, ಆದ್ರೆ ವ್ಯತ್ಯಾಸ ಗೊತ್ತಾಗ್ತದೆ.

ಇನ್ನೊಂದು ಸಂಖ್ಯೆ ಸಿಆರ್‌ಐ. ಹಗಲು ಬೆಳಕಲ್ಲಿ ಕಾಣುವ ಬಣ್ಣ ಈ ಬಲ್ಬಲ್ಲಿ ಎಷ್ಟು ಸರಿಯಾಗಿ ಕಾಣ್ತದೆ ಅಂತ ಹೇಳುದು ಅದು, ನೂರಕ್ಕೆ ಇಷ್ಟು ಅಂತ. 80ರ ಕೆಳಗೆ ಬೇಡ, ಅಡುಗೆ ಕೋಣೆಗೆ 90 ಸಿಕ್ಕಿದ್ರೆ ಬಿಡ್ಬೇಡಿ. ನಾನು ನೋಡಿದ ಕ್ರಮ ಹೇಳ್ತೇನೆ. ಬಂಗುಡೆ ತಂದ ದಿನ ಒಂದು ಮೀನಿನ ಕಿವಿರು ಎತ್ತಿ ಹಿತ್ತಿಲ ಬಾಗಿಲಲ್ಲಿ ಹಗಲು ಬೆಳಕಿಗೆ ಹಿಡಿದೆ, ಒಳ್ಳೇ ರಕ್ತಗೆಂಪು. ಅದನ್ನೇ ಸಿಂಕಿನ ಮೇಲಿನ ಅಗ್ಗದ ಬಲ್ಬಿನಡಿ ಹಿಡಿದ್ರೆ ಮಾಸಿದ ಕಂದು, ಎರಡು ದಿನದ ಮೀನಿನ ಹಾಗೆ. ಬಲ್ಬ್ ಬದಲಿಸಿ ಹಿಡಿದೆ, ಕೆಂಪು ವಾಪಸ್ ಬಂತು. ಮೀನು ತಿನ್ನದವರು ಕುಂಕುಮದ ಕರಡಿಗೆ ಹಿಡಿದು ನೋಡಿ, ಸಾಕು.

ಒಂದೇ ತನ್ನಿ, ಮೂರು ಪರೀಕ್ಷೆ ಮಾಡಿ, ನಂತರ ಉಳಿದದ್ದು ತನ್ನಿ

ಮೊದಲನೇದು ಮಿಣುಕು. ಬಲ್ಬ್ ಹಾಕಿ, ಮೊಬೈಲ್ ಕ್ಯಾಮೆರಾ ತೆರೆದು ಹತ್ತಿರ ಹಿಡಿಯಿರಿ, ಸ್ಲೋ ಮೋಷನ್ ಇದ್ರೆ ಅದೇ ಇಡಿ. ಪರದೆಯಲ್ಲಿ ಕಪ್ಪು ಪಟ್ಟೆಗಳು ದಪ್ಪವಾಗಿ ಓಡಿದ್ರೆ ಆ ಬಲ್ಬ್ ಸೆಕೆಂಡಿಗೆ ನೂರು ಸರ್ತಿ ಮಿಣುಕ್ತಾ ಉಂಟು ಅಂತ ಅರ್ಥ. ಕಣ್ಣಿಗೆ ಕಾಣುದಿಲ್ಲ, ಆದ್ರೆ ಕೆಲವರಿಗೆ ತಲೆನೋವು, ಕಣ್ಣು ಉರಿ ಬರ್ತದೆ. ಅಗ್ಗದ ಬಲ್ಬಿನ ಒಳಗೆ ಡ್ರೈವರಿನ ಬದಲು ಎರಡು ಮೂರು ಬಿಡಿಭಾಗ ಮಾತ್ರ ಹಾಕಿ ಮುಗಿಸಿದ್ರೆ ಹೀಗೆ ಆಗುದು.

ಎರಡನೇದು ಬಿಸಿ. ಒಂದು ಗಂಟೆ ಉರಿಸಿ, ಆಫ್ ಮಾಡಿ, ಬಲ್ಬಿನ ಕುತ್ತಿಗೆ ಮುಟ್ಟಿ. ಬೆಚ್ಚಗಿದ್ರೆ ಸರಿ, ಕೈ ಇಡ್ಲಿಕ್ಕೆ ಆಗದಷ್ಟು ಸುಟ್ರೆ ಅದು ಬಾಳಿಕೆ ಬರುದಿಲ್ಲ.

ಮೂರನೇದು ಮೀಟರ್, ನನಗೆ ತುಂಬ ಉಪಕಾರ ಆದದ್ದು ಇದು. ಮನೆಯ ಹೊರಗಿನ ಡಿಜಿಟಲ್ ಮೀಟರಲ್ಲಿ ಸಣ್ಣ ಕೆಂಪು ಲೈಟ್ ಮಿಣುಕ್ತಾ ಇರ್ತದೆ, ಅದರ ಹತ್ರ 3200 ಅಂತಲೋ 1600 ಅಂತಲೋ ಒಂದು ಸಂಖ್ಯೆ ಬರೆದಿರ್ತದೆ. ಒಂದು ಯೂನಿಟಿಗೆ ಅಷ್ಟು ಸರ್ತಿ ಮಿಣುಕ್ತದೆ ಅಂತ ಅರ್ಥ. ಮೀಟರ್ ಮುಟ್ಲಿಕ್ಕಿಲ್ಲ, ಸೀಲ್ ತೆಗೀಲಿಕ್ಕಿಲ್ಲ, ಗಾಜಿನ ಹೊರಗಿಂದ ನೋಡಿದ್ರೆ ಸಾಕು. ಮನೆಯ ಎಲ್ಲ ಸ್ವಿಚ್ ಆಫ್ ಮಾಡಿ, ಫ್ರಿಜ್, ಇನ್ವರ್ಟರ್, ವೈಫೈ, ಟಿವಿ ಬಾಕ್ಸ್ ಎಲ್ಲ. ಕೆಂಪು ಲೈಟ್ ನಿಂತ ಮೇಲೆ ಪರೀಕ್ಷೆ ಮಾಡ್ಬೇಕಾದ ಬಲ್ಬ್ ಹಾಕಿ, ಒಂದು ಮಿಣುಕಿಗೂ ಮುಂದಿನ ಮಿಣುಕಿಗೂ ಎಷ್ಟು ಸೆಕೆಂಡ್ ಅಂತ ಮೊಬೈಲಲ್ಲಿ ಅಳೆಯಿರಿ. ಮೀಟರ್ 3200ರದ್ದಾದ್ರೆ 1125ನ್ನು ಆ ಸೆಕೆಂಡಿನಿಂದ ಭಾಗಿಸಿ, ಬಂದದ್ದು ವ್ಯಾಟ್. 1600ರದ್ದಾದ್ರೆ 2250ನ್ನು ಭಾಗಿಸಿ. ಒಂದೇ ಸಣ್ಣ ಬಲ್ಬಿಗೆ ಎರಡು ನಿಮಿಷ ಕಾಯ್ಬೇಕು, ತೀರ ಸಣ್ಣ ಲೋಡ್ ಮೀಟರಿಗೆ ಗೊತ್ತಾಗ್ಲಿಕ್ಕೂ ಇಲ್ಲ, ಹಾಗಾಗಿ ಒಂದೇ ಥರದ್ದು ನಾಲ್ಕೈದು ಮನೆಯಲ್ಲಿದ್ರೆ ಒಟ್ಟಿಗೆ ಹಾಕಿ ಭಾಗ ಮಾಡಿ.

ಅಮ್ಮನ ಮನೆಯಲ್ಲಿ ನಾನು ಆ ಗಾಡಿ ಬಲ್ಬ್ ಐದು ಒಟ್ಟಿಗೆ ಹಾಕಿದೆ. ಬಾಕ್ಸ್ ಪ್ರಕಾರ 60 ವ್ಯಾಟ್ ಆಗ್ಬೇಕು, ಅಂದ್ರೆ ಅಲ್ಲಿಯ 3200ರ ಮೀಟರಲ್ಲಿ ಹತ್ತೊಂಬತ್ತು ಸೆಕೆಂಡಿಗೆ ಒಂದು ಮಿಣುಕು ಬರ್ಬೇಕು. ಅಮ್ಮ ಒಳಗಿಂದ ಸ್ವಿಚ್ ಹಾಕ್ತಾ ಇದ್ದದ್ದು, ನಾನು ಹೊರಗೆ ಮೊಬೈಲ್ ಹಿಡಿದು ನಿಂತದ್ದು. ಇಪ್ಪತ್ತು ಆಯ್ತು, ಇಪ್ಪತ್ತೈದು ಆಯ್ತು, ಮೂವತ್ತೆರಡಕ್ಕೆ ಮಿಣುಕಿತು. ಇನ್ನೂ ಮೂರು ಸರ್ತಿ ನೋಡಿದೆ, ಅಷ್ಟೇ. 1125 ಭಾಗಿಸು 32 ಅಂದ್ರೆ 35 ವ್ಯಾಟ್, ಒಂದೊಂದಕ್ಕೆ ಏಳು. 12 ಅಂತ ಬರೆದದ್ದು 7! ಮಂಕು ಯಾಕೆ ಅಂತ ಆಗ ಗೊತ್ತಾಯ್ತು. ಇದನ್ನು ಮಾಡುವಾಗಲೇ ಇನ್ನೊಂದು ಸಂಗತಿ ಗೊತ್ತಾದದ್ದು, ಎಲ್ಲ ಆಫ್ ಮಾಡಿದ್ದೇವೆ ಅಂದ್ಕೊಂಡ್ರೂ ಕೆಂಪು ಲೈಟ್ ನಿಲ್ಲಲೇ ಇಲ್ಲ, ಹುಡುಕಿ ನೋಡಿದ್ರೆ ಟಿವಿ ಕೆಳಗಿನ ಸೆಟ್‌ಟಾಪ್ ಬಾಕ್ಸ್. ರಿಮೋಟಲ್ಲಿ ಆಫ್ ಮಾಡಿದ್ರೂ ಹಗಲು ರಾತ್ರಿ ಕರೆಂಟ್ ಎಳೀತಾ ಇತ್ತು.

ಮಳೆ, ಉಪ್ಪು ಗಾಳಿ, ಸಿಡಿಲು

ಒಳ್ಳೇ ಬಲ್ಬ್ ತಂದು ತಪ್ಪು ಜಾಗದಲ್ಲಿ ಹಾಕಿದ್ರೆ ಅದೂ ಹೋಗ್ತದೆ. ಡ್ರೈವರಿನ ಒಳಗಿನ ಕೆಪಾಸಿಟರ್ ಅಂಬ ಬಿಡಿಭಾಗಕ್ಕೆ ಬಿಸಿ ತಡ್ಕೊಳ್ಳಲಿಕ್ಕೆ ಆಗುದಿಲ್ಲ, ಹತ್ತು ಡಿಗ್ರಿ ಬಿಸಿ ಕಡಿಮೆಯಾದ್ರೆ ಅದರ ಆಯುಷ್ಯ ಸುಮಾರು ಎರಡು ಪಾಲಾಗ್ತದೆ. ಹಾಗಾಗಿ ಪೂರ್ತಿ ಮುಚ್ಚಿದ ಗಾಜಿನ ಗೋಳದೊಳಗೆ 12, 15 ವ್ಯಾಟ್ ಹಾಕ್ಬೇಡಿ, 5 ಅಥವಾ 7 ಸಾಕು.

ಮಲ್ಪೆ, ಕಾಪು, ಸುರತ್ಕಲ್ ಅಂತ ಸಮುದ್ರದ ಹತ್ರ ಇರುವವರಿಗೆ ಹೋಲ್ಡರೇ ಶತ್ರು. ಉಪ್ಪು ಗಾಳಿಗೆ ಹಿತ್ತಾಳೆ ಪಿನ್ ಮೇಲೆ ಹಸಿರು ಕಿಲುಬು ಕೂತುಕೊಳ್ತದೆ, ಸ್ಪ್ರಿಂಗ್ ಸತ್ತು ಹೋಗ್ತದೆ, ಬಲ್ಬ್ ಸಡಿಲವಾಗಿ ಕಿಡಿ ಹಾರಿ ಮಿಣುಕಿ ಮಿಣುಕಿ ಕೊನೆಗೆ ಡ್ರೈವರ್ ಸಾಯ್ತದೆ. ಎರಡು ತಿಂಗಳಿಗೊಮ್ಮೆ ಒಂದೇ ಜಾಗದ ಬಲ್ಬ್ ಹೋಗ್ತಾ ಇದ್ರೆ ಬಲ್ಬಿಗೆ ಬೈಯ್ಬೇಡಿ, ಹೋಲ್ಡರ್ ಬದಲಿಸಿ. ಬಾವಿಕಟ್ಟೆಗೆ, ಗೇಟಿಗೆ ಮಳೆ ಇರಚಲು ಬೀಳುವಲ್ಲಿ ಸಾದಾ ಬಲ್ಬ್ ಹಾಕ್ಲೇಬೇಡಿ, ಐಪಿ65 ಅಂತ ಬರೆದ, ಧೂಳು ನೀರು ಒಳಗೆ ಹೋಗದ ಹೊರಾಂಗಣ ಲೈಟನ್ನೇ ಹಾಕಿ.

ಎಪ್ರಿಲ್ ಮೇ, ಮತ್ತೆ ಅಕ್ಟೋಬರ್, ಮಧ್ಯಾಹ್ನ ಮೇಲೆ ಗುಡುಗು ಶುರುವಾದ್ರೆ ಮೈನ್ ಇಳಿಸುದೇ ಒಳ್ಳೇದು. ಇನ್ನೊಂದು ಅಪಾಯ ಗಾಳಿಮಳೆಗೆ ತೆಂಗಿನ ಮಡಲು ಲೈನಿನ ಮೇಲೆ ಬಿದ್ದು ನ್ಯೂಟ್ರಲ್ ತುಂಡಾಗುದು. ಆಗ 230 ಬರುವಲ್ಲಿ 400ರ ಹತ್ರ ಬರಬಹುದು. ಮನೆಯ ಲೈಟ್ ಇದ್ದಕ್ಕಿದ್ದ ಹಾಗೆ ವಿಪರೀತ ಪ್ರಖರ ಆದ್ರೆ, ಅಥವಾ ಒಮ್ಮೆ ಜಾಸ್ತಿ ಒಮ್ಮೆ ಮಂಕು ಆಗ್ತಾ ಇದ್ರೆ, ನೋಡ್ತಾ ಕೂತುಕೊಳ್ಬೇಡಿ, ಕೂಡ್ಲೆ ಮೈನ್ ಆಫ್ ಮಾಡಿ ಕರೆಂಟಿನ ದೂರು ಹೇಳುವ ನಂಬರ್ 1912ಕ್ಕೆ ಫೋನ್ ಮಾಡಿ ಹೇಳಿ.

ಸ್ವಿಚ್ ಆಫ್ ಮಾಡಿದ ಮೇಲೂ ಎಲ್‌ಇಡಿ ಮಂದವಾಗಿ ಹೊಳೀತಾ ಇದ್ರೆ ಬಲ್ಬ್ ಹಾಳು ಅಂತ ಅಲ್ಲ. ಸ್ವಿಚ್ಚಿನಲ್ಲಿ ಸಣ್ಣ ಇಂಡಿಕೇಟರ್ ಲೈಟ್ ಇದ್ರೆ ಅದರ ಮೂಲಕ ಚೂರು ಕರೆಂಟ್ ಹೋಗ್ತದೆ, ಅದು ತೊಂದರೆ ಇಲ್ಲ. ಇಂಡಿಕೇಟರ್ ಇಲ್ಲ ಅಂತಾದ್ರೆ ಹಳೇ ವಯರಿಂಗಿನಲ್ಲಿ ಫೇಸಿನ ಬದಲು ನ್ಯೂಟ್ರಲಿಗೆ ಸ್ವಿಚ್ ಕೊಟ್ಟಿರುವ ಸಾಧ್ಯತೆ ಉಂಟು, ಅಂದ್ರೆ ಆಫ್ ಮಾಡಿದ್ರೂ ಹೋಲ್ಡರಲ್ಲಿ ಫೇಸ್ ಇರ್ತದೆ. ಎಲೆಕ್ಟ್ರಿಶನ್ ಕರೆಸಿ ಟೆಸ್ಟರ್ ಹಿಡಿಸಿ ಸರಿ ಮಾಡಿಸಿ, ಅದುವರೆಗೆ ಆ ಹೋಲ್ಡರಿಗೆ ಕೈ ಹಾಕ್ಬೇಡಿ.

ಕರೆಂಟ್ ಹೋದ್ರೂ ಉರಿಯುವ ಇನ್ವರ್ಟರ್ ಬಲ್ಬ್ ಮಳೆಗಾಲಕ್ಕೆ ಒಳ್ಳೇದೇ, ಅಡುಗೆ ಕೋಣೆಗೊಂದು, ಹಿರಿಯರ ಕೋಣೆಗೊಂದು ಸಾಕು. ಮನೆ ತುಂಬ ಹಾಕ್ಬೇಡಿ, ಒಳಗಿನ ಬ್ಯಾಟರಿ ಬಲ್ಬಿಗಿಂತ ಮೊದಲು ಸಾಯ್ತದೆ.

ಹಾಕುವಾಗ, ತೆಗೆಯುವಾಗ

ಬಿಲ್ಲಿನ ಫೋಟೊ ತೆಗೆದಿಡಿ, ಬಿಲ್ಲಿನ ಶಾಯಿ ನಮ್ಮ ಮಳೆಗಾಲ ದಾಟುದಿಲ್ಲ. ಬಲ್ಬಿನ ಕುತ್ತಿಗೆಯಲ್ಲಿ ಮಾರ್ಕರ್ ಪೆನ್ನಿಂದ ಹಾಕಿದ ತಿಂಗಳು ವರ್ಷ, ಅಂಗಡಿ ಹೆಸರು ಬರೀರಿ. ಗ್ಯಾರಂಟಿಯೊಳಗೆ ಹೋದದ್ದು ಅಂತ ತೋರಿಸ್ಲಿಕ್ಕೆ ಅದೇ ಸಾಕಾಗ್ತದೆ ಎಷ್ಟೋ ಸಲ, ನನಗೆ ಎರಡು ಬಲ್ಬ್ ಹಾಗೆ ಬದಲಿಸಿ ಸಿಕ್ಕಿದೆ. ಬಲ್ಬ್ ಬದಲಿಸುವಾಗ ಮೈನ್ ಆಫ್, ಕಾಲಡಿಗೆ ಒಣಗಿದ ಮರದ ಸ್ಟೂಲ್, ಒದ್ದೆ ಕೈ ಬೇಡ.

ತೆಗೆದ ಸಿಎಫ್‌ಎಲ್ ಮತ್ತು ಟ್ಯೂಬನ್ನು ತೆಂಗಿನ ಬುಡಕ್ಕೆ, ತೋಡಿನ ಬದಿಗೆ ಬಿಸಾಡುದನ್ನು ದಯವಿಟ್ಟು ಬಿಡಿ. ಒಳಗೆ ಪಾದರಸ ಉಂಟು, ಕೆಲವೇ ಮಿಲಿಗ್ರಾಮ್, ಆದ್ರೆ ನಮ್ಮ ಬಾವಿ ಅಲ್ಲೇ ಹತ್ತು ಹೆಜ್ಜೆಯಲ್ಲಿ ಇರುದು. ಒಡೆಯದ ಹಾಗೆ ಹಳೇ ಬಾಕ್ಸಿಗೆ ಹಾಕಿ ಇ-ವೇಸ್ಟ್ ಅಂತ ಬೇರೆ ಕೊಡಿ, ಒಣ ಕಸದೊಟ್ಟಿಗೆ ಸೇರಿಸ್ಬೇಡಿ. ಮನೆಯೊಳಗೆ ಒಡೆದ್ರೆ ಮಕ್ಕಳನ್ನು ಹೊರಗೆ ಕಳಿಸಿ, ಫ್ಯಾನ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆದು ಹತ್ತು ಹದಿನೈದು ನಿಮಿಷ ಬಿಡಿ. ಹಿಡಿಸೂಡಿಯಲ್ಲಿ ಗುಡಿಸಿದ್ರೆ ಪುಡಿ ಎಲ್ಲ ಕಡೆ ಹರಡ್ತದೆ, ಹಾಗಾಗಿ ದಪ್ಪ ರಟ್ಟಲ್ಲಿ ಒತ್ತರಿಸಿ ತೆಗೀರಿ, ಉಳಿದ ಚೂರನ್ನು ಒದ್ದೆ ಕಾಗದದಲ್ಲಿ ಒತ್ತಿ ತೆಗೆದು, ಎಲ್ಲವನ್ನೂ ಮುಚ್ಚಳ ಇರುವ ಡಬ್ಬಿಗೆ ಹಾಕಿ ಮನೆಯಿಂದ ಹೊರಗಿಡಿ.